ಪಾರ್ಟ್ ನಂಬರ್ 07/83

ತೃಪ್ಪೂಣಿತ್ತುರ, ಕೊಚ್ಚಿ
9 ಜೂನ್ 2024

ಯಜ್ಞಣ್ಣನಿಗೂ ಸುಮಿತ್ರಕ್ಕನಿಗೂ ರಾಜೀವಿಯ ನಮಸ್ಕಾರ.

ಈ ಕಾಲದಲ್ಲಿ ಅಂಚೆಯಲ್ಲಿ ಕಾಗದ ಬಂತು ಅಂತ ಗಾಬರಿ ಬೀಳಬೇಡಿ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನು ಮಾಡಿದರೆ ಅಣ್ಣನ ಕಿವಿಯ ಮೆಷಿನ್ನು ಕುಂಯ್ ಅನ್ನುತ್ತದೆ, ಅವರು "ಆಮೇಲೆ ಮಾತಾಡುವ" ಅಂತ ಇಟ್ಟುಬಿಡುತ್ತಾರೆ. ಅಲ್ಲದೆ ನನಗೆ ಬೇಕಾದದ್ದು ಅವರ ಕೈಬರಹ, ಸಹಿ ಸಮೇತ.

ವಿಷಯ ಪದ್ಮಿನಿ ಕಾರಿನದ್ದು. ನೀವು ಆರು ವರ್ಷ ಕಾದು 1983ರಲ್ಲಿ ತಂದದ್ದು. ನಿಮ್ಮ ಪಕ್ಕದ ಮನೆಯಲ್ಲಿದ್ದ ನನಗೆ ಕೊಚ್ಚಿಗೆ ವರ್ಗವಾದಾಗ, 96ರಲ್ಲಿ, ನಾನು ನಿಮ್ಮಿಂದ ಕೊಂಡದ್ದು. ಆ ಕಾರಿಗೆ ನಾನು ಮಾಡಿದ ಅನ್ಯಾಯ ನಿಮಗೆ ಗೊತ್ತಿಲ್ಲ. 2003ರಲ್ಲಿ ಯಾರ್‍ಯಾರದೋ ಮಾತು ಕೇಳಿ ಒಳಗಿನದ್ದೆಲ್ಲ ಕಿತ್ತು ಹಾಕಿಸಿದೆ. ಬೆಂಚ್ ಸೀಟು ಹೋಗಿ ಎರಡು ಬೇರೆ ಬೇರೆ ಸೀಟು ಬಂತು, ಅದಕ್ಕೆ ನೇರಳೆ ವೆಲ್ವೆಟ್ಟು. ಡ್ಯಾಶ್‌ಬೋರ್ಡಿಗೆ ಮರದ ಹಾಗೆ ಕಾಣುವ ಸ್ಟಿಕ್ಕರು. ಹಿಂದೆ ಎರಡು ಸ್ಪೀಕರು, ಮದುವೆ ದಿಬ್ಬಣದ ಕಾರಿಗೆ ಇರುವಂಥದ್ದು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಿವೃತ್ತಿಯಾದ ಮೇಲೆ ಇಲ್ಲಿಯ ಹಳೇ ಕಾರುಗಳ ಕೂಟಕ್ಕೆ ಸೇರಿದ್ದೇನೆ. ಜನವರಿಯಲ್ಲಿ ಅವರ ಪ್ರದರ್ಶನ. ಅದರಲ್ಲೊಂದು ವಿಭಾಗ, "ಕಾರ್ಖಾನೆಯಿಂದ ಬಂದ ಹಾಗೆ" ಅಂತ. ಸೀಟಿನ ಹೊಲಿಗೆಯಿಂದ ಹಿಡಿದು ಕಂಪನಿ ಕೊಟ್ಟ ಎಕ್ಸ್‌ಟ್ರಾ ಸಾಮಾನಿನವರೆಗೆ ಎಲ್ಲ ಮೊದಲಿನಂತೆ ಇದ್ದರೆ ಒಂದು ಸರ್ಟಿಫಿಕೇಟು. ನಾನು ಹೆಸರು ಕೊಟ್ಟಾಗ ಒಬ್ಬ, "ಮೇಡಂಗೆ ಸೀಟ್ ಕವರ್ ಬಣ್ಣ ಆರಿಸುವುದು ಚೆನ್ನಾಗಿ ಬರುತ್ತದೆ" ಅಂದ. ಉಳಿದವರು ಹಲ್ಲು ಕಿಸಿದರು. ಮೂವತ್ತಾರು ವರ್ಷದ ಬ್ಯಾಂಕ್ ಸರ್ವೀಸಿನಲ್ಲಿ ಅರ್ಧ ಬೇರೆ ಬ್ರಾಂಚುಗಳ ತಪ್ಪು ಹುಡುಕುವುದರಲ್ಲೇ ಕಳೆದವಳು ನಾನು. ನನ್ನ ಕಾರಿನಲ್ಲಿ ಇವರಿಗೆ ಒಂದು ತಪ್ಪು ಸಿಗಬಾರದು. ಆ ಸರ್ಟಿಫಿಕೇಟು ನನಗೆ ಬೇಕೇ ಬೇಕು ಅಣ್ಣ.

ಹಾಗಾಗಿ ಮೊದಲ ಒಡೆಯರಾದ ನೀವು ಬರೆದು ತಿಳಿಸಿ: ಸೀಟಿನ ಬಣ್ಣ ಯಾವುದಿತ್ತು? ರೇಡಿಯೊ ಕಂಪನಿಯದ್ದೋ, ನೀವು ಹಾಕಿಸಿದ್ದೋ? ಗಡಿಯಾರ? ಕಾಲಿನ ಕೆಳಗೆ ರಬ್ಬರ್ ಮ್ಯಾಟೋ, ಕಾರ್ಪೆಟ್ಟೋ? ಕೊನೆಗೆ, ಮುಂದಿನ ಎಡಬಾಗಿಲ ಪಕ್ಕದ ಕಂಬದಲ್ಲಿ ಒಂದು ಅಲ್ಯೂಮಿನಿಯಂ ಹಿಡಿಕೆ ಉಂಟಲ್ಲ, ಅದು. ನಾನು ಹಾಳು ಮಾಡದೆ ಬಿಟ್ಟದ್ದು ಅದೊಂದನ್ನೇ. ಬೇರೆ ಯಾವ ಪದ್ಮಿನಿಯಲ್ಲೂ ಅಂಥದ್ದು ಕಂಡಿಲ್ಲ. ಬಿಚ್ಚಿ ನೋಡಿದರೆ ಹಿಂದೆ 07/83 ಅಂತ ಅಚ್ಚಾಗಿ ನಂಬರು ಒತ್ತಿದ್ದಾರೆ.

ಸುಮಿತ್ರಕ್ಕ, ಕಾಲು ಹೇಗುಂಟು ಅಂತ ಕೇಳುವುದಿಲ್ಲ. ಕೇಳಿದರೆ ಬೈಸಿಕೊಳ್ಳಬೇಕು ಅಂತ ಗೊತ್ತು.

ಉತ್ತರಕ್ಕೆ ಕಾಯುವ
ರಾಜೀವಿ


ತಿರುವನಂತಪುರ
24 ಜೂನ್ 2024

ಚಿ. ರಾಜೀವಿಗೆ,

ನಿನ್ನ ಕಾಗದ 13ರಂದು ತಲುಪಿತು. ನೆನಪಿನ ಮೇಲೆ ಭರವಸೆ ಇಡದೆ ಹಳೆಯ ಫೈಲು ತೆಗೆದು ನೋಡಿದ್ದರಿಂದ ತಡವಾಯಿತು.

ಸೀಟು ಬೂದು ಬಣ್ಣದ ರೆಕ್ಸಿನ್. ರೇಡಿಯೊ ಕಂಪನಿಯದ್ದಲ್ಲ, 1984ರಲ್ಲಿ ಚಾಲೆ ಪೇಟೆಯಲ್ಲಿ ಹಾಕಿಸಿದ್ದು. ಆದ್ದರಿಂದ ಅದನ್ನು ತೆಗೆಯತಕ್ಕದ್ದು. ಗಡಿಯಾರ ಇತ್ತು, ನಡೆಯುತ್ತಿರಲಿಲ್ಲ. ಅದು ನಿಂತ ಸ್ಥಿತಿಯಲ್ಲೇ ಬಂದದ್ದರಿಂದ ನಿಂತ ಗಡಿಯಾರವನ್ನೇ ಹಾಕಿದರೆ ಹೆಚ್ಚು ಸರಿ. ನೆಲಕ್ಕೆ ಕಪ್ಪು ರಬ್ಬರ್ ಮ್ಯಾಟು. ರಸೀದಿಗಳ ನಕಲು ಇಟ್ಟಿದ್ದೇನೆ.

ನನ್ನ ಆರೋಗ್ಯ ಎಪ್ಪತ್ತೆಂಟಕ್ಕೆ ಎಷ್ಟು ಇರಬೇಕೋ ಅಷ್ಟು ಉಂಟು.

ಯಜ್ಞನಾರಾಯಣ

ರಾಜೀವಿ, ಇದು ನಾನು ಸುಮಿತ್ರ. ಮನೆಗೆ ಬರುವ, ಹೋಗುವ ಕಾಗದವೆಲ್ಲ ನನ್ನ ಕಣ್ಣು ದಾಟಿಯೇ ಆಗಬೇಕು ಅಂತ ನಿನಗೆ ಗೊತ್ತಲ್ಲ. ಬಣ್ಣದ ವಿಷಯದಲ್ಲಿ ನಿನ್ನ ಅಣ್ಣನನ್ನು ನಂಬಬೇಡ ಮಾರಾಯ್ತಿ. ತುಂಬ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡಿದವರಿಗೆ ಸೀರೆಯ ಹಸಿರು ನೀಲಿ ತಿಳಿಯುವುದಿಲ್ಲ. ಸೀಟು ಮರೂನ್, ಬಿಳಿ ಅಂಚು. ಅದರ ಮೇಲೆ ಕಂಪನಿಯ ಪ್ಲಾಸ್ಟಿಕ್ ಹಾಳೆ. ಹೊಸತನ ಹೋಗುತ್ತದೆ ಅಂತ ಮೂರು ವರ್ಷ ಅದನ್ನು ತೆಗೆಯಲು ಬಿಡಲಿಲ್ಲ ಇವರು. ಏಪ್ರಿಲ್ ತಿಂಗಳಲ್ಲಿ ವಿಳಿಂಜಂ ಕಡಲಿಗೆ ಹೋಗಿ ಬಂದರೆ ಸೀರೆ ಬೆನ್ನಿಗೆ, ಬೆನ್ನು ಸೀಟಿಗೆ ಅಂಟಿ, ಎದ್ದಾಗ ಚರ್ರ್ ಅಂತ ಶಬ್ದ.

ಹಿಡಿಕೆಯ ವಿಷಯ ಬರೆಯಲು ಮರೆತಿದ್ದಾರೆ. ಅದು ಕಂಪನಿಯದ್ದೇ. ಡೀಲಕ್ಸ್ ಕಾರಿಗೆ ಮಾತ್ರ ಕೊಡುತ್ತಿದ್ದರು. ನಮ್ಮ ಕಾರಿನ ಜೊತೆ ಬಾರದೆ ಒಂದು ತಿಂಗಳು ತಡವಾಗಿ ಬಂತು ಅಂತ ಇವರೇ ಷೋರೂಮಿಗೆ ಹೋಗಿ ಹಾಕಿಸಿಕೊಂಡು ಬಂದಿದ್ದರು. ತುಂಬ ಒಳ್ಳೆಯ ಹಿಡಿಕೆ. ಬೇರೆಯವರ ಕಾರಿನಿಂದ ಇಳಿಯುವಾಗ ಯಾರಾದರೂ ಕೈ ಕೊಡಲು ಓಡಿ ಬರುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ನಮ್ಮ ಕಾರಿನಿಂದ ನಾನು ಒಬ್ಬಳೇ ಇಳಿಯುತ್ತಿದ್ದೆ.

ಸುಮಿತ್ರ


ತೃಪ್ಪೂಣಿತ್ತುರ
22 ಸೆಪ್ಟೆಂಬರ್ 2024

ಅಣ್ಣ, ಅಕ್ಕ,

ಸುಮಿತ್ರಕ್ಕ ಗೆದ್ದರು! ಜೋಸೆಫ್ ಚೇಟ್ಟನ್ ಅಂತ, ಇಲ್ಲಿ ಸೀಟು ಹೊಲಿಯುವುದರಲ್ಲಿ ಅವರನ್ನು ಬಿಟ್ಟರೆ ಇಲ್ಲ. ಅವರು ನೆಲದ ಕಬ್ಬಿಣದ ಪಟ್ಟಿ ಬಿಚ್ಚಿದಾಗ ಅಡಿಯಲ್ಲಿ ಸಿಕ್ಕಿಹಾಕಿಕೊಂಡ ಬೆರಳಗಲದ ರೆಕ್ಸಿನ್ ಚೂರು ಸಿಕ್ಕಿತು. ಮರೂನ್, ಸಂಶಯವೇ ಇಲ್ಲ. ಅಣ್ಣ ಇನ್ನು ಬಣ್ಣದ ವಿಷಯಕ್ಕೆ ಬಾಯಿ ಹಾಕಬಾರದು.

ಆ ಚೂರು ಹಿಡಿದುಕೊಂಡು ನಾನು ಎರ್ನಾಕುಲಂನ ಬ್ರಾಡ್‌ವೇಯಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಎಲ್ಲರೂ ಹತ್ತಿರದ ಬಣ್ಣ ತೋರಿಸಿ "ಇದೇ ಮೇಡಂ" ಅನ್ನುತ್ತಾರೆ. ಹತ್ತಿರದ್ದು ನನಗೆ ಯಾಕೆ? ಕೊನೆಗೆ ಸಿನಿಮಾ ಥಿಯೇಟರಿನ ಕುರ್ಚಿ ರಿಪೇರಿ ಮಾಡುವವರ ಗೋದಾಮಿನಲ್ಲಿ ಒಂದು ಹಳೇ ಸುರುಳಿ ಸಿಕ್ಕಿತು, ಅದೇ ಬಣ್ಣ, ಅದೇ ಮೇಲ್ಮೈ. ಅಲ್ಲೇ ಕುಣಿಯುವುದೊಂದು ಬಾಕಿ. ಬೆಂಚ್ ಸೀಟಿನ ಚೌಕಟ್ಟು ಗುಜರಿಯಲ್ಲಿ ಸಿಕ್ಕಿತು. ಒಳಗೆ ಫೋಮ್ ಬೇಡ, ಮೊದಲಿನ ಹಾಗೆ ಸ್ಪ್ರಿಂಗು, ತೆಂಗಿನ ನಾರು ಅಂತ ಹೇಳಿದ್ದೇನೆ. ನಾರು ಕೇಳಿ ಜೋಸೆಫ್ ಚೇಟ್ಟನ್ ನಕ್ಕರು, "ಕೇರಳದಲ್ಲಿ ಅದಕ್ಕೇನು ಬರವೇ ಮೇಡಂ?" ಹೊಲಿಗೆಯ ಸಾಲು ಒಂದು ವಕ್ರವಾಗಿತ್ತು ಅಂತ ಎರಡು ಸಲ ಬಿಚ್ಚಿಸಿದೆ. ಮೂರನೆಯ ಸಲ ಅವರೇ ಬಿಚ್ಚಿದರು, ನಾನು ಕೇಳುವ ಮೊದಲೇ.

ಇನ್ನು ಹಿಡಿಕೆಯ ಸುದ್ದಿ. ನಿಮ್ಮ ಕಾಗದ ಫಾರಂ ಜೊತೆ ಲಗತ್ತಿಸಿದ್ದೇನೆ. ಗಂಡ ಹೆಂಡತಿ ಇಬ್ಬರ ಸಹಿ ಒಂದೇ ಹಾಳೆಯಲ್ಲಿ. ಬ್ಯಾಂಕಿನವಳಿಗೆ ಇನ್ನೆಂತ ಸಾಕ್ಷಿ ಬೇಕು? ಕೂಟದ ಅಧ್ಯಕ್ಷ ಕೃಷ್ಣಾನಂದ ಅಂತ, ಮಟ್ಟಾಂಚೇರಿಯ ಕೊಂಕಣಿ, ಅವರಿಗೂ ಒಂದು ಪದ್ಮಿನಿ ಉಂಟು. ಹಿಡಿಕೆ ನೋಡಿದವರೇ ಅದರ ಫೋಟೊ ತೆಗೆದುಕೊಂಡರು. "ಇದು ಬಹಳ ಅಪರೂಪದ ಆಪ್ಷನ್ನು" ಅಂತ ಕೂಟದ ಪತ್ರಿಕೆಯಲ್ಲಿ ಫೋಟೊ ಸಮೇತ ಒಂದು ಪುಟ ಬರೆದರು. ಆಮೇಲೆ ಕೇಳಿ! ಕಲೂರಿನ ಒಂದು ಲೇತಿನಲ್ಲಿ ಅದರ ಅಳತೆ ಕೊಟ್ಟು ತಮ್ಮ ಕಾರಿಗೆ ಒಂದು ಮಾಡಿಸಿಕೊಂಡರು. ಅವರನ್ನು ನೋಡಿ ಇನ್ನಿಬ್ಬರು. ಹಿಂದೆ 07/83 ಅಂತ ನಂಬರು ಕೂಡ ಒತ್ತಿಸಿಕೊಂಡಿದ್ದಾರೆ. ಸೀಟ್ ಕವರ್ ಅಂತ ನಕ್ಕವನೂ ಅದರಲ್ಲಿ ಒಬ್ಬ. ನನಗೆ ಹಾಲು ಕುಡಿದಷ್ಟು ಸಂತೋಷ.

ಒಂದೇ ಒಂದು ಬಾಕಿ. ತೀರ್ಪು ಕೊಡಲು ಕೊಯಮತ್ತೂರಿನಿಂದ ಬರುವವರು ಬಹಳ ಕಟ್ಟುನಿಟ್ಟಂತೆ. ಹಿಡಿಕೆಯ ಬಗ್ಗೆ ಷೋರೂಮಿನ ಚೀಟಿ ಏನಾದರೂ ಅಣ್ಣನ ಫೈಲಿನಲ್ಲಿ ಇದ್ದರೆ ಕಳಿಸಿ. ಅಣ್ಣ ಒಂದು ಸ್ಕ್ರೂ ಕೊಂಡ ಚೀಟಿಯನ್ನೂ ಬಿಸಾಡಿದವರಲ್ಲ, ನನಗೆ ಗೊತ್ತು.

ಹಿಗ್ಗಿನಲ್ಲಿರುವ
ರಾಜೀವಿ


ಜನರಲ್ ಪೋಸ್ಟ್ ಆಫೀಸ್, ತಿರುವನಂತಪುರ
4 ಅಕ್ಟೋಬರ್ 2024

ಚಿ. ರಾಜೀವಿಗೆ,

ಈ ಕಾಗದ ಪೋಸ್ಟ್ ಆಫೀಸಿನ ಮೇಜಿನ ಮೇಲೆ ನಿಂತುಕೊಂಡು ಬರೆಯುತ್ತಿದ್ದೇನೆ. ಪಿಂಚಣಿಯ ಕೆಲಸ ಅಂತ ಸುಮಿತ್ರನಿಗೆ ಹೇಳಿ ಬಂದಿದ್ದೇನೆ. ಇದಕ್ಕೆ ನೀನು ಮನೆಗೆ ಉತ್ತರ ಬರೆಯಕೂಡದು.

ಷೋರೂಮಿನ ಚೀಟಿ ಇಲ್ಲ. ಹಿಡಿಕೆ ಕಂಪನಿಯದ್ದಲ್ಲ. ಅದರ ನಕ್ಷೆ ಬರೆದವನು ನಾನು. ಚಾಲೆಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದ್ದು, ಪಾಲಿಶ್ ಹಾಕಿದ್ದು ನಾನೇ. ನಂಬರು ಒತ್ತಿದ್ದು ನಾನು ಮಾಡಿದ ಮೂರ್ಖತನ. ನಂಬರಿಲ್ಲದ ಭಾಗವನ್ನು ಯಾವುದಕ್ಕೂ ಜೋಡಿಸಿ ನನಗೆ ಅಭ್ಯಾಸವಿಲ್ಲ. ಅದನ್ನು ನೋಡಿದರೆ ಸುಮಿತ್ರ ನಂಬುತ್ತಾಳೆ ಅಂತಲೂ ಲೆಕ್ಕ ಹಾಕಿದ್ದೆ. ನಂಬಿದಳು. ಈಗ ನೀನೂ ನಂಬಿದೆ, ಇನ್ನೂ ಮೂವರು ನಂಬಿದರು.

ಕಾರಣ ಹೇಳಬೇಕು. ಮದುವೆಯಾದ ವರ್ಷ ನನ್ನ ಅಕ್ಕ ಪ್ರೀತಿಯಿಂದ ಒಂದು ಒಳ್ಳೆಯ ಊರುಗೋಲು ತಂದು ಸುಮಿತ್ರನಿಗೆ ಕೊಟ್ಟಳು. ಸುಮಿತ್ರ ಅದನ್ನು ಎಲ್ಲರ ಎದುರು ಬಾವಿಗೆ ಹಾಕಿದಳು. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಎಡಗಾಲಿನ ಶಕ್ತಿ ಹೋದವಳು ಅವಳು. ಇಪ್ಪತ್ತಾರು ವರ್ಷ ಅದರ ಮೇಲೆಯೇ ನಡೆದು ಕಾಲೇಜು, ಕೆಲಸ ಎಲ್ಲ ಮುಗಿಸಿದ್ದಳು. "ನನಗೆ ಅಂತ ಯಾರೂ ಏನೂ ಮಾಡುವುದು ಬೇಡ" ಅಂದಳು. ನಾನು ಕೇಳಿಸಿಕೊಂಡೆ. ಕಾರು ಬಂದ ಮೊದಲ ವಾರ ಆ ತಗ್ಗಿನ ಸೀಟಿನಿಂದ ಏಳಲು ಅವಳು ಪಡುವ ಪಾಡು ನೋಡಿದೆ. ಕೈ ಕೊಟ್ಟರೆ ಹಿಡಿಯುವವಳಲ್ಲ. ಎಲ್ಲರಿಗೂ ಕಂಪನಿ ಕೊಡುವ ವಸ್ತು ಅಂದರೆ ಮಾತ್ರ ಮುಟ್ಟುತ್ತಾಳೆ.

ಜೂನ್ ತಿಂಗಳಲ್ಲಿ ಅವಳು ನನ್ನ ಕಾಗದದ ಕೆಳಗೆ ಬರೆದದ್ದನ್ನು ಓದಿದೆ. ಹೊಡೆದು ಹಾಕಲು ಧೈರ್ಯ ಬರಲಿಲ್ಲ. ಅಷ್ಟು ಖುಷಿಯಿಂದ ಬರೆದಿದ್ದಳು.

ಸರ್ಟಿಫಿಕೇಟು ನಿನಗೆ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ನೀನು ಏನು ಮಾಡಬೇಕು ಅಂತ ಹೇಳುವ ಹಕ್ಕು ನನಗಿಲ್ಲ. ಅವಳಿಗೆ ತಿಳಿಯದಿದ್ದರೆ ಸಾಕು.

ಯಜ್ಞನಾರಾಯಣ


ತೃಪ್ಪೂಣಿತ್ತುರ
19 ಅಕ್ಟೋಬರ್ 2024

ಯಜ್ಞಣ್ಣ, ಸುಮಿತ್ರಕ್ಕ,

ಎಲ್ಲ ಸೌಖ್ಯ. ಮಳೆ ಇನ್ನೂ ಉಂಟು. ಸೀಟು ಮುಗಿಯಿತು. ಛಾವಣಿಯ ಬಟ್ಟೆ ಆಗಬೇಕಷ್ಟೆ. ನಿಂತ ಗಡಿಯಾರ ಹಾಕಿಸಿದೆ.

ಬೇರೆ ವಿಶೇಷ ಏನೂ ಇಲ್ಲ. ಇಂದು ನನಗೆ ಬರೆಯಲು ಮನಸ್ಸಿಲ್ಲ.

ರಾಜೀವಿ


ತಿರುವನಂತಪುರ
2 ನವೆಂಬರ್ 2024

ರಾಜೀವಿ,

ಏನು ನಡೆಯುತ್ತಾ ಉಂಟು? ನೀನು ಬರೆದದ್ದು ಏಳೆಂಟು ಸಾಲು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ನೀನು ಇದಕ್ಕಿಂತ ಹೆಚ್ಚು ಮಾತಾಡುತ್ತೀಯ. ಇಲ್ಲಿ ಇವರು ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಲ್ಲುತ್ತಾರೆ, "ಗಾಳಿಗೆ" ಅಂತೆ. ನಲವತ್ತೈದು ವರ್ಷದಲ್ಲಿ ಈ ಮನುಷ್ಯ ಗಾಳಿಗೆ ಅಂತ ಎದ್ದು ಹೋದದ್ದನ್ನು ನಾನು ಕಂಡಿಲ್ಲ.

ಹುಷಾರಿಲ್ಲವಾದರೆ ಹೇಳು. ಜಗಳವಾದರೆ ಅದನ್ನಾದರೂ ಹೇಳು.

ಸುಮಿತ್ರ


ತೃಪ್ಪೂಣಿತ್ತುರ
13 ಜನವರಿ 2025

ಸುಮಿತ್ರಕ್ಕ,

ಈ ಕಾಗದ ನಿಮಗೊಬ್ಬರಿಗೇ. ನಿಮ್ಮ ನವೆಂಬರಿನ ಕಾಗದಕ್ಕೆ ಉತ್ತರ ಬರೆಯದಿದ್ದದ್ದಕ್ಕೆ ಮೊದಲು ಕ್ಷಮಿಸಿ. ಏನು ಬರೆದರೂ ಸುಳ್ಳಾಗುತ್ತಿತ್ತು.

ನಿನ್ನೆ ಪ್ರದರ್ಶನ ಇತ್ತು. ಕಾರು ಹೇಗೆ ಕಾಣುತ್ತಿತ್ತು ಅಂದರೆ, ನನ್ನದೇ ಕಣ್ಣು ತಾಗಬೇಕು. ತೀರ್ಪುಗಾರರು ಮುಕ್ಕಾಲು ಗಂಟೆ ಒಳಗೆ ಕೂತು ನೋಡಿದರು. ಹೊಲಿಗೆ ಎಣಿಸಿದರು. ಸೀಟಿನ ಅಡಿಗೆ ಕೈ ಹಾಕಿ ನಾರು ಮುಟ್ಟಿದರು. ತಲೆಯಾಡಿಸಿದರು. ಕೊನೆಗೆ ಹಿಡಿಕೆಯ ಮೇಲೆ ಬೆರಳಿಟ್ಟು, "ಕಂಪನಿಯ ಪಾರ್ಟ್ ಪುಸ್ತಕದಲ್ಲಿ ಇದಿಲ್ಲವಲ್ಲ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಕೃಷ್ಣಾನಂದ ಮುಂದೆ ಬಂದು, ನಿಮ್ಮ ಕಾಗದ ತೋರಿಸಿ, ತಮ್ಮ ಕಾರಿನ ಹಿಡಿಕೆಯನ್ನೂ ತೋರಿಸಿದರು. ಒಂದೇ ನಂಬರಿನ ಹಿಡಿಕೆ ಇರುವ ನಾಲ್ಕು ಕಾರು ಸಾಲಾಗಿ ನಿಂತಿತ್ತು. ಅವುಗಳಲ್ಲಿ ಮೂರು ಹಿಡಿಕೆ ಈಚೆಗೆ ಮಾಡಿಸಿದ್ದು ಅಂತ ಕೃಷ್ಣಾನಂದ ಹೇಳಲಿಲ್ಲ. ತೀರ್ಪುಗಾರರು ನಾಲ್ಕನ್ನೂ ಮುಟ್ಟಿ ನೋಡಿ, "ಹಾಗಾದರೆ ಪುಸ್ತಕದಲ್ಲೇ ಬಿಟ್ಟುಹೋಗಿರಬೇಕು" ಅಂತ ಪೆನ್ನು ತೆಗೆದರು.

ಅಕ್ಕ, ನಾನು ಸುಮ್ಮನಿದ್ದರೆ ಸಾಕಿತ್ತು. ಸರ್ಟಿಫಿಕೇಟು ಮೇಜಿನ ಮೇಲೆ ನನ್ನ ಕಣ್ಣೆದುರೇ ಇತ್ತು, ನನ್ನ ಹೆಸರು ಬರೆಯುವುದೊಂದು ಬಾಕಿ. ಅಕ್ಟೋಬರಿನಿಂದ ನನಗೆ ನಿಜ ಗೊತ್ತಿತ್ತು, ಸುಮ್ಮನಿರಬಹುದು ಅಂತಲೇ ಅಲ್ಲಿಗೆ ಹೋಗಿದ್ದೆ. ಯಜ್ಞಣ್ಣನಿಗಾಗಿ ಸುಮ್ಮನಿದ್ದೇನೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಪುಸ್ತಕವನ್ನೇ ತಪ್ಪು ಮಾಡಿ ನನ್ನನ್ನು ಸರಿ ಮಾಡುತ್ತಾರೆ ಅಂದಾಗ ತಡೆಯಲಾಗಲಿಲ್ಲ. "ಬರೆಯಬೇಡಿ ಸರ್. ಅದು ಕಾರ್ಖಾನೆಯದ್ದಲ್ಲ" ಅಂದೆ. ಕೃಷ್ಣಾನಂದರ ಮುಖ ಸಪ್ಪೆಯಾಯಿತು. ಹಾಗಾದರೆ ಯಾರದ್ದು ಅಂತ ತೀರ್ಪುಗಾರರು ಕೇಳಿದರು.

ಅದು ಯಜ್ಞಣ್ಣ ಮಾಡಿಸಿದ್ದು. ನಿಮಗಾಗಿ. ಕಂಪನಿಯದ್ದು ಅಂತ ನಿಮಗೆ ಸುಳ್ಳು ಹೇಳಿ ಹಾಕಿದ್ದು. ಅಲ್ಲಿ ಇಷ್ಟೇ ಹೇಳಿದೆ, ಹೆಸರು ಹೇಳಲಿಲ್ಲ. ಆದರೆ ನನ್ನ ಬೆನ್ನ ಹಿಂದೆ ಒಬ್ಬಳು ಮಲಯಾಳಂ ಪೇಪರಿನವಳು ನಿಂತಿದ್ದಳು. ಫೋಟೊ ತೆಗೆದು, ಮೊದಲ ಒಡೆಯ ಯಾರು ಅಂತ ಫಾರಂ ನೋಡಿ ಬರೆದುಕೊಂಡು ಹೋದಳು. ಅದು ಯಾವ ದಿನವೂ ಬರಬಹುದು. ಫೋನು ಮಾಡಲು ಮೂರು ಸಲ ಕೈಗೆತ್ತಿಕೊಂಡೆ. ನಿಮ್ಮ ಸ್ವರ ಕೇಳುವ ಧೈರ್ಯ ನನಗಿಲ್ಲ.

ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಅಣ್ಣನನ್ನು ಬೈಯಬೇಡಿ. ಹಿಡಿಕೆ ತೆಗೆದು ತೂತು ಮುಚ್ಚಿದರೆ ಮುಂದಿನ ವರ್ಷ ಸರ್ಟಿಫಿಕೇಟು ಖಂಡಿತ ಅಂತ ತೀರ್ಪುಗಾರರು ಹೇಳಿದರು. ಜೋಸೆಫ್ ಚೇಟ್ಟನ್ ಒಂದು ಬೆಳಿಗ್ಗೆಯ ಕೆಲಸ ಅನ್ನುತ್ತಾರೆ. ನನಗೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ನಿಮ್ಮ
ರಾಜೀವಿ


ತಿರುವನಂತಪುರ
5 ಫೆಬ್ರವರಿ 2025

ರಾಜೀವಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ಮೊದಲೇ ಪೇಪರು ಬಂತು. ಇವರು ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದರು. ಏನು ಪ್ರಯೋಜನ? ಎದುರು ಮನೆಯ ಕಲ್ಯಾಣಿ ತನ್ನ ಮನೆಯ ಪೇಪರು ಹಿಡಿದುಕೊಂಡು, "ಚೇಚಿ, ಎಂಥ ಗಂಡ ನಿಮಗೆ!" ಅಂತ ಕಣ್ಣು ಒರೆಸುತ್ತಾ ಬಂದಳು. ಅವಳಿಗೆ ಚಹಾ ಕೊಟ್ಟು ಕಳಿಸಿದೆ. ಆಮೇಲೆ ನಾಲ್ಕು ದಿನ ನಾನು ಇವರ ಜೊತೆ ಮಾತಾಡಲಿಲ್ಲ.

ಸಿಟ್ಟು ಯಾಕೆ ಅಂತ ಹೇಳುತ್ತೇನೆ, ನೀನು ತಪ್ಪು ತಿಳಿಯಬೇಡ. ಹದಿಮೂರು ವರ್ಷ ಆ ಕಾರಿನಿಂದ ಯಾರ ಹಂಗೂ ಇಲ್ಲದೆ ಇಳಿದೆ ಅಂತ ನನಗೆ ಜಂಬ ಇತ್ತು. ಅದನ್ನು ಇವರು ಕೊಟ್ಟದ್ದು ಅಂತ ಗೊತ್ತಾದಾಗ, ಅದನ್ನು ನನ್ನ ಕೈಯಿಂದ ಕಿತ್ತುಕೊಂಡ ಹಾಗಾಯಿತು. ಅತ್ತೂ ಬಿಟ್ಟೆ.

ಐದನೆಯ ದಿನ ಅಡುಗೆಮನೆಯ ಮಣೆ ತೊಳೆಯಲು ತಲೆಕೆಳಗು ಮಾಡಿದೆ. ಅಡಿಯಲ್ಲಿ 11/88. ಕ್ವಾರ್ಟರ್ಸಿನಲ್ಲಿ ಇದ್ದಾಗ "ಎಲ್ಲರಿಗೂ ಕೊಟ್ಟರು" ಅಂತ ತಂದಿದ್ದ ಎತ್ತರದ ಮಣೆ. ಟಾರ್ಚು ತೆಗೆದುಕೊಂಡು ಮನೆ ಹುಡುಕಲು ಹೊರಟೆ. ನೀರಿನ ಡ್ರಮ್ಮಿನ ಸ್ಟ್ಯಾಂಡು 14/91. ಮಂಚದ ಬದಿಯ ಚಿಕ್ಕ ಮೇಜು, ಅಂಗಡಿಯಲ್ಲಿ ತಪ್ಪು ಅಳತೆಯದ್ದು ಅಗ್ಗಕ್ಕೆ ಸಿಕ್ಕಿತು ಅಂದಿದ್ದರು, 22/03. ಬಚ್ಚಲಿನ ಟವೆಲ್ ಸರಳು, ಟವೆಲ್ಲಿಗೆ ಅಷ್ಟು ದಪ್ಪ ಯಾಕೆ ಅಂತ ನಾನೇ ನಕ್ಕಿದ್ದೆ. ಹೂಕುಂಡ ಸರಿಸಿ ನೋಡಿದರೆ ಜಗಲಿಯ ಮೆಟ್ಟಿಲಿನ ಸಿಮೆಂಟಿನಲ್ಲೂ ನಂಬರು! ಈ ಮೆಟ್ಟಿಲು ಬೇರೆಯವರದ್ದಕ್ಕಿಂತ ತಗ್ಗು. ಮನೆ ಕಟ್ಟಿಸುವಾಗ ಕಾರ್ಪೊರೇಷನ್ನಿನ ಹೊಸ ನಿಯಮ ಅಂದಿದ್ದರು. ಆ ನಿಯಮ ಹೇಳಿ ನಾನು ಕಲ್ಯಾಣಿಯ ಮನೆಯ ಎಂಜಿನಿಯರ್ ಹತ್ತಿರ ಜಗಳ ಆಡಿದ್ದೇನೆ ರಾಜೀವಿ! ಅವನು ಏನು ಅಂದುಕೊಂಡನೋ ದೇವರೇ.

ಕಾರಿನ ಹಿಡಿಕೆಯೂ ಸೇರಿ ಒಟ್ಟು ಇಪ್ಪತ್ಮೂರು ಸಿಕ್ಕಿತು. ಸಿಕ್ಕಿದ್ದರಲ್ಲಿ ಕೊನೆಯದರ ನಂಬರು 31/22, ಅಂದರೆ 2022ರಲ್ಲಿ ಮಾಡಿದ ಮೂವತ್ತೊಂದನೆಯದು. ಇವರ ಎದುರು ಮಣೆ ತಂದಿಟ್ಟು "ಇದೆಂಥದು?" ಅಂತ ಕೇಳಿದೆ. ಕಿವಿಯ ಮೆಷಿನ್ನು ಸರಿಮಾಡಿಕೊಂಡು, ನನ್ನ ಮುಖ ನೋಡದೆ, "ಸರ್ಕಾರದ್ದು" ಅಂದರು. ಇನ್ನೂ! ನನಗೆ ನಗು ಬಂದು ಬಿಟ್ಟಿತು. ನಗುತ್ತಾ ನಗುತ್ತಾ ಅಳು ಬಂತು. ಇವರು ಏನು ಮಾಡಬೇಕು ಅಂತ ತಿಳಿಯದೆ ನೀರು ತಂದುಕೊಟ್ಟರು.

ಉಳಿದ ಎಂಟು ಎಲ್ಲಿ ಅಂತ ಇವರು ಹೇಳುವುದಿಲ್ಲ. ನಾನೂ ಹುಡುಕುವುದು ನಿಲ್ಲಿಸಿದೆ. ದಿನಾ ಅವನ್ನು ಹಿಡಿದುಕೊಂಡೇ ಏಳುತ್ತಾ ಕೂರುತ್ತಾ ಇರಬೇಕು. ಸಲೀಸಾಗಿ ನಡೆಯುತ್ತಾ ಉಂಟು. ಪ್ರೀತಿಸುವುದಕ್ಕೆ ಇವರಿಗೆ ಬಂದದ್ದು ಇದೊಂದೇ ದಾರಿ, ನಾನು ಬೇರೆ ದಾರಿಯನ್ನೆಲ್ಲ ಬಾವಿಗೆ ಹಾಕಿದ್ದೆನಲ್ಲ.

ಇನ್ನು ನಿನ್ನದು. ಸರ್ಟಿಫಿಕೇಟು ಹೋಯಿತು ಅಂತ ನನಗೆ ಬೇಸರ ಉಂಟು. ನೀನು ಅಲ್ಲಿ ಬಾಯಿ ಬಿಟ್ಟದ್ದಕ್ಕೆ ಬೇಸರ ಇಲ್ಲ. ಆ ಹಿಡಿಕೆ ಕಾರಿನದ್ದಲ್ಲ, ಹಾಗಾಗಿ ತೆಗೆದುಬಿಡು. ಚಂದ ಮಾಡಿ ತೂತು ಮುಚ್ಚಿಸಿ ಮುಂದಿನ ವರ್ಷ ಎಲ್ಲರ ಎದುರು ಸರ್ಟಿಫಿಕೇಟು ತೆಗೆದುಕೋ. ಕೃಷ್ಣಾನಂದರ ಹತ್ತಿರ ಹೇಳು, ಅವರ ಹೆಂಡತಿಗೂ ವಯಸ್ಸಾಗುತ್ತದೆ, ಅವರದ್ದು ಇರಲಿ.

ಹಿಡಿಕೆ ಇಲ್ಲಿಗೆ ಕಳಿಸು. ದೇವರ ಕೋಣೆಯ ಹೊಸ್ತಿಲು ದಾಟುವುದು ಈಗೀಗ ನನಗೆ ಕಷ್ಟ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಇಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಇವರಿಗೆ ಹೇಳಿದೆ, "ಅಲ್ಲೊಂದು ಹಿಡಿಕೆ ಬೇಕು, ಹಾಕಿ ಕೊಡಿ" ಅಂತ. ಲೋಟ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲೇ ಇಲ್ಲ. ಈಗ ಅಳತೆ ಟೇಪು ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದಾರೆ. ಎಷ್ಟು ಎತ್ತರಕ್ಕೆ ಬೇಕು ಅಂತ ಮೊದಲ ಸಲ ನನ್ನನ್ನು ಕೇಳುತ್ತಾ ಇದ್ದಾರೆ. ಹೋಗಿ ನಿಂತು ತೋರಿಸಬೇಕು.

ಸುಮಿತ್ರ